ಏನೂ ಕೇಳದ ಬೀದಿ

ಹಿರುತ್ ಎಂಬ ಹುಡುಗಿ ಬೇಲೂರಿನ ದೇವಸ್ಥಾನದ ಹಿಂದಿನ ಬೀದಿಗೆ ಬಂದಿಳಿದದ್ದು ಶ್ರಾವಣದ ಒಂದು ಮಧ್ಯಾಹ್ನ. ಆಟೋದಿಂದ ಮೊದಲು ಎರಡು ಸೂಟ್‌ಕೇಸು ಇಳಿದವು, ಆಮೇಲೆ ಬಾಯಿ ಕಟ್ಟಿದ ಒಂದು ಗೋಣಿಚೀಲ, ಕೊನೆಗೆ ಅವಳು. ಎತ್ತರದ ಆಳು. ತಲೆಗೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಹಿಂದಕ್ಕೆ ಬಿಟ್ಟಿದ್ದಳು. ಬಾಗಿಲಲ್ಲಿ ಕಾಯುತ್ತಿದ್ದ ವೇದವಲ್ಲಿ ಬೆಳಗಿನಿಂದ ಮನಸ್ಸಿನಲ್ಲೇ ಒಂದು ಮಾತನ್ನು ಹೊರಳಿಸಿ ನೋಡುತ್ತಿದ್ದರು. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಮಾತು. ಮೂವತ್ತೈದು ವರ್ಷದಿಂದ ನಾಲಿಗೆಯ ಮೇಲೆ ಬಂದಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎದುರುಮನೆಯ ರುದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬೀದಿ ದಾಟಿ ಬಂದಾಗಿತ್ತು.

“ಇವಳೇನಾ ಟೀಚರಮ್ಮ ನೀವು ಹೇಳಿದ್ ಹುಡುಗಿ? ಯಾವೂರವ್ವಾ ನಿಂದು? ಆಫ್ರಿಕಾನಾ? ಅಲ್ಲಿ ಅನ್ನ ಸಿಕ್ತೈತಾ? ಹುಲಿ ಸಿಂಹ ಎಲ್ಲಾ ಬೀದಿಗೇ ಬತ್ತವಂತಲ್ಲ, ಹೌದಾ? ಮದ್ವೆ ಆಗೈತಾ? ಇಷ್ಟ್ ದೂರ ಒಬ್ಬಳೇ ಬಂದಿದ್ದೀಯಲ್ಲ, ನಿಮ್ಮಪ್ಪ ಹೆಂಗ್ ಕಳ್ಸಿದ್ರು?” ಎನ್ನುತ್ತಲೇ ರುದ್ರಮ್ಮ ಕೈ ಚಾಚಿ ಒಂದು ಜಡೆಯನ್ನು ಹಿಡಿದು ಮೆಲ್ಲಗೆ ಎಳೆದರು. “ಸ್ವಂತದ್ದೇ ಕಣ್ರೀ!”

“ಸ್ವಲ್ಪ ಸ್ವಂತ, ಸ್ವಲ್ಪ ಅಂಗಡಿ,” ಎಂದಳು ಹಿರುತ್. ಬೆಂಗಳೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದು ಕಲಿತ ಕನ್ನಡ ಅದು. ಜಗಲಿಗಳಲ್ಲಿ ಕೂತಿದ್ದವರೆಲ್ಲ ಹೋ ಎಂದು ನಕ್ಕರು. ಹಿರುತ್ ಕೂಡ ನಕ್ಕಳು. ಆದರೆ ವೇದವಲ್ಲಿಗೆ ಆ ನಗು ಕಾಣಿಸಲಿಲ್ಲ. ಅವರ ಕಣ್ಣು ರುದ್ರಮ್ಮನ ಕೈಯ ಮೇಲೆ, ಆ ಕೈಯಲ್ಲಿದ್ದ ಜಡೆಯ ಮೇಲೆ ನೆಟ್ಟಿತ್ತು. “ಬಾಮ್ಮಾ ಒಳಗೆ, ಸಾಕು,” ಎಂದು ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಬಿಟ್ಟರು. ಹೊರಳಿಸಿಟ್ಟುಕೊಂಡಿದ್ದ ಮಾತು ಹೊರಳಿಸಿದಂತೆಯೇ ಉಳಿಯಿತು.

ಆ ಹುಡುಗಿಯನ್ನು ಅವರ ಮನೆಗೆ ಗೊತ್ತು ಮಾಡಿದವನು ಅವರ ಹಳೆಯ ವಿದ್ಯಾರ್ಥಿ ಶಶಿಧರ್. ಅವನು ಜಾವಗಲ್ ಕಡೆ ಕೃಷಿ ಇಲಾಖೆಯ ಕೆಲಸದಲ್ಲಿದ್ದ. ಹಿರುತ್ ರಾಗಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ತನ್ನ ಸೀಮೆಯ ರಾಗಿಯನ್ನೂ ಇಲ್ಲಿನ ರಾಗಿಯನ್ನೂ ಒಂದೇ ಖುಷ್ಕಿ ಹೊಲದಲ್ಲಿ ಅಕ್ಕಪಕ್ಕ ಬೆಳೆದು ಹೋಲಿಸಬೇಕಿತ್ತು. ಗೋಣಿಚೀಲದಲ್ಲಿದ್ದದ್ದು ಆ ಬೀಜದ ಪೊಟ್ಟಣಗಳು. “ಮೇಡಂ, ನೀವೂ ಸಾರೂ ಇಥಿಯೋಪಿಯಾದಲ್ಲಿ ಇದ್ದೋರಲ್ವಾ? ಕಟಾವು ಆಗೋವರೆಗೆ ನಿಮ್ಮ ಮಹಡಿ ಕೊಟ್ರೆ ಅವಳಿಗೆ ತವರಿಗೆ ಬಂದ ಹಾಗಾಗುತ್ತೆ,” ಎಂದಿದ್ದ ಶಶಿಧರ್. ಮಹಡಿಯ ಕೋಣೆಯನ್ನು ಅದುವರೆಗೆ ಯಾರಿಗೂ ಕೊಡದಿದ್ದ ವೇದವಲ್ಲಿ ಆ ಮಾತು ಕೇಳಿ ಎರಡನೆಯ ಯೋಚನೆ ಮಾಡದೆ ಒಪ್ಪಿದ್ದರು.

ಎಂಬತ್ತರ ದಶಕದಲ್ಲಿ ಆ ದೇಶದ ಶಾಲೆಗಳಿಗೆ ನಮ್ಮ ಕಡೆಯಿಂದ ಮೇಷ್ಟರುಗಳು ಹೋಗುತ್ತಿದ್ದ ಕಾಲದಲ್ಲಿ ಗಂಡ ಅನಂತಸ್ವಾಮಿ ಗಣಿತಕ್ಕೆ, ವೇದವಲ್ಲಿ ರಸಾಯನಶಾಸ್ತ್ರಕ್ಕೆ ಎಂದು ಇಬ್ಬರೂ ಹೋಗಿದ್ದರು. ಗೊಜ್ಜಾಮ್ ಸೀಮೆಯ ಬುರೆ ಎಂಬ ಊರು. ತಗಡಿನ ಮಾಡು, ಮಣ್ಣಿನ ಗೋಡೆ, ದಾರಿಯುದ್ದಕ್ಕೂ ನೀಲಗಿರಿ ಮರ. ಮನೆ ಕೊಟ್ಟವಳು ಅತ್ಸೆದೆ ಎಂಬ ದಪ್ಪನೆಯ ಹೆಂಗಸು. ಬಿಳಿ ಹತ್ತಿಯ ಶಾಲು ಹೊದ್ದು ಗೇಟಿನ ಪಕ್ಕ ಒಂದು ಮೋಟು ಸ್ಟೂಲಿನ ಮೇಲೆ ಕೂತೇ ಇರುತ್ತಿದ್ದಳು.

ಆ ಊರಿನಲ್ಲಿ ಅವರನ್ನು ಕೇಳದ ಪ್ರಶ್ನೆ ಉಳಿದಿರಲಿಲ್ಲ. ಹಣೆಯ ಕುಂಕುಮವನ್ನು ಗಾಯವೆಂದು ತಿಳಿದು ಆಸ್ಪತ್ರೆಯ ದಾದಿಯೊಬ್ಬಳು ಹತ್ತಿ ಹಿಡಿದು ಒರೆಸಲು ಬಂದಿದ್ದಳು. ಊರ ಟೆಂಟಿನಲ್ಲಿ ಹಿಂದಿ ಸಿನಿಮಾ ನೋಡಿ ಬೆಳೆದ ಹುಡುಗರು ತರಗತಿಯಲ್ಲಿ, “ಟೀಚರ್, ಒಂದು ಹಾಡು ಹೇಳಿ,” ಎಂದು ಕಾಡುತ್ತಿದ್ದರು. ಹಾಡಲು ಬರುವುದಿಲ್ಲ ಎಂದರೆ ಇವರು ಅಸಲಿ ಇಂಡಿಯನ್ ಅಲ್ಲವೇ ಅಲ್ಲ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿಬಿಟ್ಟರು. ಎಲ್ಲಕ್ಕಿಂತ ಮಿಗಿಲು ಅತ್ಸೆದೆಯ ಪ್ರಶ್ನೆ. ಅಲ್ಲಿ ಮಾಂಸ, ಹಾಲು, ಬೆಣ್ಣೆ ಬಿಟ್ಟು ಬರೀ ಬೇಳೆ ಸೊಪ್ಪು ತಿನ್ನುವುದೆಂದರೆ ಚರ್ಚಿನ ಉಪವಾಸದ ದಿನದ ಊಟ. ವೇದವಲ್ಲಿ ದಿನವೂ ಬೇಳೆ ಸೊಪ್ಪು ಬೇಯಿಸುವುದನ್ನು ನೋಡೀ ನೋಡೀ ತಡೆಯಲಾರದೆ ಒಂದು ಸಂಜೆ ಅವಳು ಕೈ ಹಿಡಿದುಕೊಂಡು ಕೇಳಿದ್ದಳು: “ಮಗಳೇ, ಇಷ್ಟು ಚಿಕ್ಕ ವಯಸ್ಸಿಗೆ ಅಂಥ ಪಾಪ ಏನು ಮಾಡಿದೆ? ವರ್ಷಪೂರ್ತಿ ಉಪವಾಸ ಮಾಡುವಂಥದ್ದು?” ಇನ್ನೊಮ್ಮೆ, ಇಂಡಿಯಾದಲ್ಲಿ ಗಂಡ ಸತ್ತರೆ ಹೆಂಡತಿಯನ್ನೂ ಸುಡುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ, ಕಣ್ಣಲ್ಲಿ ನೀರು ತಂದುಕೊಂಡು, “ನಿನ್ನ ಗಂಡ ಸತ್ತರೆ ನೀನು ಊರಿಗೆ ಹೋಗಬೇಡ. ನಾನು ಬಚ್ಚಿಡುತ್ತೇನೆ,” ಎಂದಿದ್ದಳು. ಪಕ್ಕದ ಕೋಣೆಯಲ್ಲಿ ಗುಂಡುಕಲ್ಲಿನಂತೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಅನಂತಸ್ವಾಮಿ ಒಂದು ಸಲ ಕೆಮ್ಮಿದ್ದರು.

ಆಗ ಆ ಪ್ರಶ್ನೆಗಳು ಮುಳ್ಳಿನ ಹಾಗೆ ಚುಚ್ಚುತ್ತಿದ್ದವು. ಎಷ್ಟೋ ಸಂಜೆ ಅವರು ಬಾಗಿಲು ಹಾಕಿಕೊಂಡು ಅತ್ತಿದ್ದುಂಟು. ತಾನು ವೇದವಲ್ಲಿಯಲ್ಲ, ಯಾವುದೋ ಪ್ರದರ್ಶನದ ವಸ್ತು ಅನ್ನಿಸುತ್ತಿತ್ತು. ಎಂಟು ವರ್ಷ ಕಳೆದು ಬೇಲೂರಿಗೆ ಮರಳಿದಾಗ ಜನ ಕೇಳಿದ್ದು ಒಂದೇ: “ಅಲ್ಲಿ ಬರಗಾಲ ಅಲ್ವಾ, ಊಟಕ್ಕೇನ್ ಮಾಡಿದ್ರಿ?” ಅದಕ್ಕೆ ಉತ್ತರ ಕೇಳಲೂ ಯಾರೂ ನಿಲ್ಲಲಿಲ್ಲ. ಬುರೆಯ ಮಾತು ಅಲ್ಲಿಗೆ ಮುಗಿಯಿತು.

ಹಿರುತ್ ಬಂದ ಸಂಜೆಯೇ ವೇದವಲ್ಲಿ ಎದುರುಮನೆಯ ಜಗಲಿಗೆ ಹೋದರು. ರುದ್ರಮ್ಮ, ಟೈಲರಿಂಗ್ ಮಾಡುವ ಉಷಾರಾಣಿ, ಇನ್ನಿಬ್ಬರು ಕೂತು ಹೂ ಕಟ್ಟುತ್ತಿದ್ದರು. ರುದ್ರಮ್ಮನ ಗಂಡ ಕಲ್ಲೇಶಪ್ಪ ಕಂಬಕ್ಕೆ ಒರಗಿ ಅರಸೀಕೆರೆಯ ಕೊಬ್ಬರಿ ಧಾರಣೆಯ ವಿಚಾರ ಫೋನಿನಲ್ಲಿ ಮಾತಾಡುತ್ತಿದ್ದರು.

“ಎಲ್ಲರಿಗೂ ಒಂದು ಮಾತು ಹೇಳ್ಬೇಕು. ಆ ಹುಡುಗೀನ ಯಾರೂ ಏನೂ ಕೇಳಬಾರದು,” ಎಂದರು ವೇದವಲ್ಲಿ, ಪ್ರಯೋಗಾಲಯದಲ್ಲಿ ಆಮ್ಲದ ಬಾಟಲಿ ಮುಟ್ಟಬೇಡಿ ಎನ್ನುತ್ತಿದ್ದ ಅದೇ ದನಿಯಲ್ಲಿ.

“ಏನೂ ಅಂದ್ರೆ?” ಎಂದರು ರುದ್ರಮ್ಮ.

“ಏನೂ ಅಂದ್ರೆ ಏನೂ. ಊರು, ಬಣ್ಣ, ಕೂದಲು, ಮದುವೆ, ಊಟ, ಯಾವುದೂ ಬೇಡ. ಪರದೇಶದಲ್ಲಿ ಒಬ್ಬಳೇ ಇರೋರಿಗೆ ಅದೆಷ್ಟು ಹಿಂಸೆ ಅಂತ ನನಗೆ ಗೊತ್ತು.”

“ಊಟ ಅಂತಾನೂ ಕೇಳ್ಬಾರ್ದಾ?”

“ಬೇಡ. ಅವಳು ಏನು ತಿಂತಾಳೋ ಬಿಡ್ತಾಳೋ ನಮಗ್ಯಾಕೆ?”

“ಆಯ್ತು ಮಿಸ್,” ಎಂದಳು ಉಷಾರಾಣಿ ತಟ್ಟನೆ. ಬೀದಿಯಲ್ಲಿ ಅರ್ಧ ಜನ ವೇದವಲ್ಲಿಯವರ ಕೈಕೆಳಗೆ ಓದಿದವರು. ವಯಸ್ಸು ಐವತ್ತಾದರೂ ಅವರ ದನಿ ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು.

“ಹಂಗಾರೆ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತ್ಕೋತೀವಿ ಬಿಡಿ. ಉಷಾ, ಸೂಜಿ ತತ್ತಾರೇ,” ಎಂದರು ರುದ್ರಮ್ಮ.

ಬೀದಿ ಮಾತು ಉಳಿಸಿಕೊಂಡಿತು. ಹಿರುತ್ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಜಾವಗಲ್ ಬಸ್ಸಿಗೆ ಹೊರಟರೆ ಜಗಲಿಗಳಲ್ಲಿದ್ದವರು ಒಂದು ನಗೆ ನಕ್ಕು ತಲೆ ತಗ್ಗಿಸುತ್ತಿದ್ದರು. ಸಂಜೆ ಮಣ್ಣು ಮೆತ್ತಿದ ಶೂ ಹಾಕಿಕೊಂಡು ಮರಳಿದರೂ ಅಷ್ಟೇ. ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಜಾರದ ಕಿಟಕಿಯಿಂದ ಇದನ್ನು ನೋಡಿ ವೇದವಲ್ಲಿಗೆ ಸಮಾಧಾನವಾಗುತ್ತಿತ್ತು. ಬುರೆಯಲ್ಲಿ ತನಗೆ ಯಾರೂ ಮಾಡದ ಉಪಕಾರವನ್ನು ತಾನು ಈ ಹುಡುಗಿಗೆ ಮಾಡಿದ್ದೇನೆ ಅನ್ನಿಸುತ್ತಿತ್ತು.

ಕಷ್ಟವಾದದ್ದು ಅವರಿಗೇ. ಹಿರುತ್‌ಳ ಊರು ಬುರೆಯಿಂದ ಒಂದೆರಡು ಗಂಟೆಯ ದಾರಿ. ಮೊದಲ ವಾರ, “ನಾವು ಬುರೆಯಲ್ಲಿದ್ದೆವು,” ಎಂದಾಗ ಅವಳ ಮುಖ ದೀಪ ಹಚ್ಚಿದಂತಾಗಿತ್ತು. “ಬುರೆ!” ಎಂದು ಮೆಟ್ಟಿಲ ಮೇಲೆ ನಿಂತೇ ಮುಂದಿನ ಮಾತಿಗೆ ಕಾದಿದ್ದಳು. ವೇದವಲ್ಲಿಯ ನಾಲಿಗೆಯ ತುದಿಗೆ ಪ್ರಶ್ನೆಗಳು ಸಾಲುಗಟ್ಟಿ ಬಂದಿದ್ದವು: ನೀಲಗಿರಿ ಮರಗಳ ಆ ರಸ್ತೆ ಇನ್ನೂ ಇದೆಯಾ? ಶನಿವಾರದ ಸಂತೆ? ಅತ್ಸೆದೆ ಎಂಬವಳನ್ನು ಯಾರಾದರೂ ಬಲ್ಲರಾ? ಆದರೆ ಆ ಸೀಮೆಯಲ್ಲಿ ಈಚೆಗೆ ಗುಂಡಿನ ಕಾಳಗ ನಡೆಯುತ್ತಿದೆ, ಫೋನು ಕೆಲಸ ಮಾಡುತ್ತಿಲ್ಲ ಎಂದು ಅವರು ಸುದ್ದಿಯಲ್ಲಿ ಓದಿದ್ದರು. ಮನೆಯವರ ವಿಚಾರ ಕೆದಕಿದಂತಾದರೆ? “ನೀರಿನ ಮೋಟಾರ್ ಸ್ವಿಚ್ ಇಲ್ಲಿದೆ, ಬೆಳಗ್ಗೆ ಮಾತ್ರ ಹಾಕ್ಬೇಕು,” ಎಂದು ಮಾತು ತಿರುಗಿಸಿದರು. ಹಾಕಿದ ಕಟ್ಟಳೆ ಹಾಕಿದವರಿಗೂ ಅನ್ವಯಿಸಬೇಕು ಎನ್ನುವ ಜಾಯಮಾನ ಅವರದು.

ಕಾರ್ತಿಕದಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ, ಒಂದು ಶನಿವಾರ ಹಿರುತ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಮೇಡಂ, ಮುಂದಿನ ವಾರದಿಂದ ನಾನು ಹಾಸನದಲ್ಲಿ ಇರ್ತೀನಿ. ಅಲ್ಲಿ ಹಾಸ್ಟೆಲಲ್ಲಿ ಜಾಗ ಇದೆಯಂತೆ.”

ವೇದವಲ್ಲಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಾಸನದಿಂದ ಜಾವಗಲ್ ಇನ್ನೂ ದೂರ. ಕಟಾವಿಗೆ ಇನ್ನು ಕೆಲವೇ ದಿನ. ಯಾಕೆ ಎಂಬ ಎರಡಕ್ಷರ ಗಂಟಲಿಗೆ ಬಂದು ಕೂತಿತು. ಅದನ್ನು ನುಂಗಿಕೊಂಡು, “ಸರಿ ಕಣಮ್ಮಾ. ನಿನ್ನ ಅನುಕೂಲ,” ಎಂದರು.

ಹಿರುತ್ ಇನ್ನೂ ಸ್ವಲ್ಪ ಹೊತ್ತು ನಿಂತಳು, ಏನೋ ಬರಲಿದೆ ಎಂಬಂತೆ. ಆಮೇಲೆ, “ಹೋಗೋ ಮುಂಚೆ ನಮ್ಮ ಹೊಲ ತೋರಿಸ್ತೀನಿ. ನಾಳೆ ಬರ್ತೀರಾ?” ಎಂದಳು. ವೇದವಲ್ಲಿ ಹೂಂಗುಟ್ಟಿದರು.

“ಯಾಕೆ ಹೋಗ್ತಾಳಂತೆ?” ಎಂದು ಅನಂತಸ್ವಾಮಿ ಊಟದ ಹೊತ್ತಿನಲ್ಲಿ ಕೇಳಿದರು.

“ನಾನು ಕೇಳಲಿಲ್ಲ.”

“ಚೆನ್ನಾಗಿದೆ ವೇದಾ. ಮನೆ ಬಿಟ್ಟು ಹೋಗೋರನ್ನ ಯಾಕೆ ಅಂತಾನೂ ಕೇಳದೆ ಕಳಿಸೋದು ಯಾವ ಊರಿನ ಮರ್ಯಾದೆ?”

ವೇದವಲ್ಲಿ ತಟ್ಟೆ ಎತ್ತಿಕೊಂಡು ಎದ್ದರು. ಆ ಮಧ್ಯಾಹ್ನ ಬಟ್ಟೆ ತೆಗೆಯಲು ಹೋದವರು ಮಹಡಿಯ ಕೋಣೆಯ ಮುಂದೆ ನಿಂತರು. ಒಳಗಿನಿಂದ ಹುರಿದ ಕಾಫಿಬೀಜದ ವಾಸನೆ ಬರುತ್ತಿತ್ತು. ಅತ್ಸೆದೆಯ ಮನೆಯ ಅದೇ ವಾಸನೆ, ಚೂರು ಕರಕಲು, ಚೂರು ಏಲಕ್ಕಿ. ಈ ಹುಡುಗಿ ಹೋದರೆ ಈ ವಾಸನೆ ಇನ್ನು ಈ ಜನ್ಮದಲ್ಲಿ ತನ್ನ ಮನೆಯೊಳಗೆ ಬರುವುದಿಲ್ಲ ಎಂಬುದು ಅವರಿಗೆ ಲೆಕ್ಕದಷ್ಟು ಸ್ಪಷ್ಟವಾಗಿ ಹೊಳೆಯಿತು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿ, ಒಣಗಿದ ಬಟ್ಟೆ ಎತ್ತಿಕೊಂಡು ಬಂದರು.

ಮರುದಿನ ಬಸ್ಸು ಹಳೇಬೀಡು ದಾಟಿ ಜಾವಗಲ್ ತಲುಪಿದಾಗ ಬಿಸಿಲೇರಿತ್ತು. ತೆಂಗಿನ ತೋಟದ ಅಂಚಿಗೆ, ಅವಳ ಪ್ರಯೋಗಕ್ಕೆ ಜಾಗ ಕೊಟ್ಟಿದ್ದ ರೈತ ಗಿಡ್ಡಯ್ಯನ ಹೊಲ. ಒಂದು ಸಾಲು ಊರ ರಾಗಿ, ಒಂದು ಸಾಲು ಗೊಜ್ಜಾಮಿನ ರಾಗಿ. ತೆನೆ ಮುಷ್ಟಿ ಕಟ್ಟಿದಂತೆ ಇದ್ದದ್ದು ಊರಿನದು, ಬೆರಳು ಬಿಚ್ಚಿದಂತೆ ಇದ್ದದ್ದು ಅವಳದು. ವೇದವಲ್ಲಿ ಎರಡನ್ನೂ ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾಗಲೇ ಬದುವಿನ ಕಡೆಯಿಂದ ಕೂಲಿಯ ಹೆಂಗಸೊಬ್ಬಳ ಕೂಗು ಬಂತು.

“ಏನವ್ವಾ ರಾಗಿಯಮ್ಮ, ಇವತ್ ಭಾನುವಾರನೂ ಬಂದ್ಯಾ? ಉಂಡ್ಯಾ?”

“ಇನ್ನೂ ಇಲ್ಲ. ನೀವು?”

“ನಿಮ್ಮವ್ವನ ಫೋನ್ ಸಿಕ್ತಾ?” ಎಂದಳು ಕಳೆ ಕುಡುಗೋಲು ಹಿಡಿದಿದ್ದ ಇನ್ನೊಬ್ಬಳು.

“ಸಿಕ್ತು, ನಿನ್ನೆ. ಹನ್ನೆರಡು ದಿನ ಆದ್ಮೇಲೆ. ಚೆನ್ನಾಗಿದ್ದಾರೆ.”

“ಅಬ್ಬಾ! ಹೇಳ್ದೆ ಅಲ್ವಾ ನಾನು, ಏನೂ ಆಗಿರಲ್ಲ ಅಂತ!”

ವೇದವಲ್ಲಿ ತೆನೆಯನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. ಹನ್ನೆರಡು ದಿನ ಈ ಹುಡುಗಿ ತಾಯಿಯ ದನಿ ಕೇಳದೆ ತಮ್ಮ ತಲೆಯ ಮೇಲಿನ ಕೋಣೆಯಲ್ಲೇ ಮಲಗಿದ್ದಳು. ಅದು ಜಾವಗಲ್ಲಿನ ಕೂಲಿಯ ಹೆಂಗಸರಿಗೆಲ್ಲ ಗೊತ್ತಿತ್ತು.

ಹೊಂಗೆ ಮರದ ಕೆಳಗೆ ಊಟಕ್ಕೆ ಕೂತಾಗ ಮಾತಿನ ಮಳೆಯೇ ಸುರಿಯಿತು. “ನಿಮ್ ಕಡೆ ಹಸೀ ಮಾಂಸ ತಿಂತಾರಂತೆ, ಮೊಬೈಲಲ್ಲಿ ತೋರ್ಸಿದ್ರು. ದಿಟವಾ?” ಎಂದಳೊಬ್ಬಳು.

“ದಿಟ. ಹಬ್ಬದಲ್ಲಿ. ಖಾರ ಬೆಣ್ಣೆ ಹಾಕಿ.”

“ಥೂ ನಿನ್! ಹೊಟ್ಟೆ ನೋಯಾಕಿಲ್ವಾ?”

“ನೀವು ಮುದ್ದೆ ಅಗಿಯದೆ ನುಂಗ್ತೀರಲ್ಲ, ನಿಮಗೆ ನೋಯಲ್ವಾ?”

ನಗೆ ಎದ್ದಿತು. ಗಿಡ್ಡಯ್ಯ ಬಾಯಲ್ಲಿದ್ದ ಮುದ್ದೆಯ ತುತ್ತನ್ನು ಕಷ್ಟಪಟ್ಟು ಇಳಿಸಿಕೊಂಡು, “ನೀವೇ ಹೇಳಿ ಅಮ್ಮಾವ್ರೆ,” ಎಂದು ವೇದವಲ್ಲಿಯ ಕಡೆ ತಿರುಗಿದ. “ರಾಗಿ ಮೊದ್ಲು ಹುಟ್ಟಿದ್ದೇ ಇವರ ದೇಶದ ಕಡೆ ಅಂತಾಳೆ. ಅದ್ರಲ್ಲಿ ಹೆಂಡ ಬೇರೆ ಕಾಯಿಸ್ತಾರಂತೆ! ನಮ್ಮ ತಾತ ಮುತ್ತಾತನ ಕಾಲದಿಂದ ಬೆಳೀತಾ ಇದ್ದೀವಿ. ರಾಗಿ ನಮ್ದು ಅಲ್ವಾ?”

“ಅವಳು ಹೇಳೋದು ನಿಜ ಗಿಡ್ಡಯ್ಯನವರೇ. ಅಲ್ಲಿಂದಲೇ ಬಂದದ್ದು. ಬಂದು ಸಾವಿರಾರು ವರ್ಷ ಆಯ್ತು.”

“ಹೋಗ್ಲಿ ಬಿಡಿ. ಅಷ್ಟ್ ವರ್ಷ ಇಲ್ಲೇ ಇದ್ಮೇಲೆ ಇನ್ಯಾರದ್ದಾದಾತು?” ಎಂದ ಗಿಡ್ಡಯ್ಯ.

ಕುಡುಗೋಲಿನ ಹೆಂಗಸು ವೇದವಲ್ಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರ್ಯಾರವ್ವಾ?” ಎಂದಳು.

“ನಾನಿರೋ ಮನೆಯವರು.”

“ಓ! ಮಾತೇ ಆಡಾಕಿಲ್ಲ ಅಂತಿದ್ಯಲ್ಲ, ಆ ಬೀದಿಯೋರಾ?”

ಹಿರುತ್ ತಲೆ ತಗ್ಗಿಸಿದಳು. ಆಮೇಲೆ ಯಾರೋ ಉಪ್ಪಿನಕಾಯಿ ಎಂದರು, ಯಾರೋ ನೀರು ಎಂದರು.

ಮರಳುವ ದಾರಿಯಲ್ಲಿ ಹಳೇಬೀಡಿನಲ್ಲಿ ಇಳಿದು ಬೇಲೂರಿನ ಬಸ್ಸಿಗೆ ಕಾಯಬೇಕಾಯಿತು. ದೇವಸ್ಥಾನದ ಎದುರಿನ ರಸ್ತೆಯಲ್ಲಿ ಪ್ರವಾಸಿಗರ ಗದ್ದಲ. ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಗೈಡ್ ಒಬ್ಬ ಹಿರುತ್‌ಳನ್ನು ನೋಡಿ ಓಡಿಬಂದ. “ಹಲೋ ಮೇಡಂ! ವಿಚ್ ಕಂಟ್ರಿ?”

“ಬೇಲೂರು,” ಎಂದಳು ಹಿರುತ್.

ಅವನು ಬೆಪ್ಪಾಗಿ ಹೋದ. ವೇದವಲ್ಲಿಗೆ ನಗಲೂ ಆಗಲಿಲ್ಲ. ಬೇಲೂರು ಎಂದ ಈ ಹುಡುಗಿ ಬೇಲೂರು ಬಿಡುತ್ತಿದ್ದಾಳೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಇಷ್ಟು ದಿನ ನುಂಗಿದ್ದನ್ನು ಕೊನೆಗೂ ಹೊರಗೆ ಬಿಟ್ಟರು.

“ಯಾಕಮ್ಮಾ ಹೋಗ್ತಿದ್ದೀಯ?”

ಹಿರುತ್ ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. “ಮೊದಲ ದಿನ ಎಲ್ಲಾ ಮಾತಾಡಿಸಿದ್ರು. ಆಮೇಲೆ ಯಾರೂ ಇಲ್ಲ. ನಾನು ಏನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿದೆ. ಎದುರುಮನೆ ಅಜ್ಜಿ ನಾನು ಬರೋದು ನೋಡಿದ್ರೆ ಒಳಗೆ ಹೋಗಿ ಬಾಗಿಲು ಹಾಕ್ತಾರೆ. ಹೊಲದಲ್ಲಿ ಹಸಿ ಮಾಂಸ ಕೇಳ್ತಾರೆ, ಕೂದಲು ಎಳೀತಾರೆ, ಕೋಪ ಬರುತ್ತೆ ಒಂದೊಂದು ಸಲ. ಬೆಂಗಳೂರಲ್ಲಿ ಕೆಲವರು ಕೇಳೋದು ಬೇರೆ ಥರ, ಉತ್ತರ ಅವರಿಗೆ ಬೇಡ. ಅದು ಕೆಟ್ಟದ್ದು. ಆದರೆ ಊಟ ಆಯ್ತಾ ಅಂತಾನೂ ಕೇಳದೆ ಇರೋದು…” ಸ್ವಲ್ಪ ತಡೆದು ಹೇಳಿದಳು: “ನಮ್ಮಲ್ಲಿ ಬೆಳಗ್ಗೆ ಎದುರು ಸಿಕ್ಕವರನ್ನ ಏನೂ ಕೇಳದೆ ದಾಟಿ ಹೋದ್ರೆ ಏನರ್ಥ ಅಂತ ನಿಮಗೆ ಗೊತ್ತು. ನೀವು ಅಲ್ಲಿದ್ದವರು.”

ಗೊತ್ತಿತ್ತು. ನಿಮ್ಮ ಸಹವಾಸ ಬೇಡ ಎಂದರ್ಥ. ಮರೆತಿತ್ತು. ಗೇಟಿನ ಪಕ್ಕದ ಮೋಟು ಸ್ಟೂಲು ಕಣ್ಣ ಮುಂದೆ ಬಂತು. ಶಾಲೆಗೆ ತಡವಾಗಿ ಓಡುತ್ತಿದ್ದರೂ ಅತ್ಸೆದೆ ಬಿಡುತ್ತಿರಲಿಲ್ಲ. ರಾತ್ರಿ ಹೇಗೆ ಕಳೆದೆ? ಚೆನ್ನಾಗಿದ್ದೀಯಾ? ಗಂಡ ಚೆನ್ನಾಗಿದ್ದಾನಾ? ಸಮುದ್ರದಾಚೆ ನಿನ್ನ ತಾಯಿ ಚೆನ್ನಾಗಿದ್ದಾಳಾ? ಒಂದೊಂದಕ್ಕೂ ನಿಂತು ದೇವರ ದಯೆ, ದೇವರ ದಯೆ ಎಂದು ಉತ್ತರಿಸಲೇಬೇಕು. ಒಂದು ಮಳೆಗಾಲ ಅವಳು ಮಗಳ ಮನೆಗೆ ಹೋಗಿದ್ದಾಗ ಆ ಗೇಟು ದಾಟುವುದೇ ಬೇಸರವಾಗಿ, ಯಾರೂ ಕಳಿಸಿಕೊಡದ ಮನೆಯಿಂದ ಹೊರಟಂತಾಗುತ್ತಿತ್ತು. ಪಾಪವೇನು ಮಾಡಿದೆ ಎಂದು ಕೇಳಿದ ಬಾಯಿ, ತಾಯಿ ಹೇಗಿದ್ದಾಳೆ ಎಂದು ಕೇಳಿದ ಬಾಯಿ, ಎರಡೂ ಒಂದೇ. ತಾವು ಮುಳ್ಳುಗಳನ್ನು ಮಾತ್ರ ಜೋಪಾನವಾಗಿ ನೆನಪಿಟ್ಟುಕೊಂಡಿದ್ದರು. ನೀರಿನಲ್ಲಿ ಕರಗಿದ್ದನ್ನು ಸೋಸುಕಾಗದದಿಂದ ಬೇರೆ ಮಾಡಲಾಗದು ಎಂದು ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದರು! ಇಲ್ಲಿ ಮುಜುಗರವನ್ನು ತೆಗೆಯಲು ಹೋಗಿ ನೀರನ್ನೇ ಚೆಲ್ಲಿದ್ದರು. ಬೇಲೂರಿನಲ್ಲಿ ತಿಂಡಿ ಆಯ್ತಾ, ಎಲ್ಲಿಗೆ ಹೊರಟ್ರಿ, ಈಗ ಬಂದ್ರಾ ಎನ್ನದೆ ಒಬ್ಬರು ಇನ್ನೊಬ್ಬರ ಕಡೆ ಬಾಯಿ ತೆರೆಯುವುದಾದರೂ ಹೇಗೆ?

“ಅವರ ತಪ್ಪಲ್ಲಮ್ಮಾ. ನಾನೇ ಹೇಳಿದ್ದು, ನಿನ್ನ ಯಾರೂ ಏನೂ ಕೇಳಬಾರದು ಅಂತ.”

ಹಿರುತ್ ಅವರ ಮುಖವನ್ನೇ ನೋಡಿದಳು. “ಎಲ್ಲರಿಗೂ?”

“ಎಲ್ಲರಿಗೂ.”

“ಬೀದಿ ತುದಿಯ ಆ ಐಸ್‌ಕ್ರೀಂ ಗಾಡಿಯವನಿಗೂ?”

“ಅವನೂ ನನ್ನ ಸ್ಟೂಡೆಂಟೇ.”

ಹಿರುತ್‌ಗೆ ನಗು ಬಂದುಬಿಟ್ಟಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆದರೆ ಬಸ್ಸು ಹತ್ತಿ ಕೂತ ಮೇಲೆ ವೇದವಲ್ಲಿ, “ಹಾಗಾದ್ರೆ ಇಲ್ಲೇ ಇರ್ತೀಯಾ?” ಎಂದಾಗ, “ಹಾಸನಕ್ಕೆ ಬರ್ತೀನಿ ಅಂದುಬಿಟ್ಟಿದ್ದೀನಿ ಮೇಡಂ,” ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ಬೇಲೂರಿನಲ್ಲಿ ಇಳಿದವರೇ ವೇದವಲ್ಲಿ ಮನೆಗೆ ಹೋಗದೆ ನೆಟ್ಟಗೆ ಎದುರುಮನೆಯ ಮೆಟ್ಟಿಲು ಹತ್ತಿದರು. “ರುದ್ರಮ್ಮ, ನಾನು ಹೇಳಿದ್ದು ತಪ್ಪಾಯ್ತು. ಅವಳನ್ನ ಮಾತಾಡಿಸಿ.”

ರುದ್ರಮ್ಮ ಕೈಯಲ್ಲಿದ್ದ ಹೂ ಕೆಳಗಿಟ್ಟರು. ಸೆರಗಿನಿಂದ ಮೂ​ಗೊರೆಸಿಕೊಂಡರು. “ಮೂರ್ ತಿಂಗ್ಳು ಟೀಚರಮ್ಮ. ಆ ಮಗು ದಿನಾ ನನ್ ಕಣ್ಮುಂದೇನೇ ಒಣಗಿದ್ ಮೋರೆ ಮಾಡ್ಕೊಂಡು ಬತ್ತಿತ್ತು. ಉಂಡ್ಯಾ ಅಂತ ಕೇಳ್ದೆ ಹೆಂಗೆ ನೋಡ್ಕೊಂಡ್ ಕೂರೋದು? ಬಾಯಿ ತಡೀತಿರಲಿಲ್ಲ. ಒಳಕ್ಕೋಗಿ ಬಾಗ್ಲಾಕ್ಕೋತಿದ್ದೆ.”

“ಬೀದೀಲಿ ಕೇಳಕ್ಕಾಗ್ದಿದ್ದನ್ನೆಲ್ಲ ನನ್ನ ಕೇಳಿ ಕೇಳಿ ಜೀವ ತಿಂದ್ಳು,” ಎಂದರು ಕಲ್ಲೇಶಪ್ಪ ಒಳಗಿನಿಂದ. “ಅವಳಪ್ಪ ಏನ್ ಮಾಡ್ತಾನೆ, ಎಷ್ಟ್ ಜನ ಮಕ್ಳು! ನಂಗೇನ್ ಗೊತ್ತು? ಕೊಬ್ರಿ ರೇಟ್ ಕೇಳು ಹೇಳ್ತೀನಿ ಅಂದೆ.”

“ಈಗ ಏನೇನ್ ಕೇಳ್ಬೋದು, ಅದನ್ನೂ ಹೇಳ್ಬಿಡಿ ಮತ್ತೆ,” ಎಂದರು ರುದ್ರಮ್ಮ.

“ಜಡೆ ಎಳೆಯೋದೊಂದು ಬಿಟ್ಟು ಮಿಕ್ಕಿದ್ದೆಲ್ಲ.”

ಮರುದಿನ ಬೆಳಗ್ಗೆ ವೇದವಲ್ಲಿ ಮಹಡಿಯ ಮೆಟ್ಟಿಲ ಕೆಳಗೆ ಕಾದು ನಿಂತಿದ್ದರು. ಹಿರುತ್ ಶೂ ಕೈಯಲ್ಲಿ ಹಿಡಿದು ಇಳಿದು ಬಂದಾಗ, ಶ್ರಾವಣದಿಂದ ಬಾಕಿ ಉಳಿದಿದ್ದ ಮಾತು ಕೊನೆಗೂ ಹೊರಬಿತ್ತು.

“ಎಂದೆಮಿನ್ ಅದೆರ್ಶ್?” ರಾತ್ರಿ ಹೇಗೆ ಕಳೆದೆ?

ಅವಳು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟಳು. ಒಂದು ಬಂದದ್ದೇ ತಡ, ಅದರ ಬೆನ್ನಿಗೆ ಮಿಕ್ಕವೂ ಒಂದನ್ನೊಂದು ಎಳೆದುಕೊಂಡು ಬಂದವು. ಚೆನ್ನಾಗಿದ್ದೀಯಾ? ಮನೆಯವರು ಚೆನ್ನಾಗಿದ್ದಾರಾ? ಅಮ್ಮ ಚೆನ್ನಾಗಿದ್ದಾರಾ? ಉಚ್ಚಾರ ಎಲ್ಲೆಲ್ಲೋ ಎಡವಿತು. ಹಿರುತ್ ಒಂದೊಂದಕ್ಕೂ ನಿಂತು, ತಲೆ ಬಾಗಿಸಿ, ದೇವರ ದಯೆ, ದೇವರ ದಯೆ ಎಂದು ತನ್ನ ಭಾಷೆಯಲ್ಲಿ ಉತ್ತರಿಸಿದಳು. ಆಮೇಲೆ ಶೂ ಹಾಕಿಕೊಂಡು ಬೀದಿಗಿಳಿದಳು.

ಬಸ್ ನಿಲ್ದಾಣ ಅವರ ಮನೆಯಿಂದ ಐದು ನಿಮಿಷದ ನಡಿಗೆ. ಆದರೆ ರುದ್ರಮ್ಮ ಆಗಲೇ ಜಗಲಿಯ ತುದಿಗೆ ಬಂದು ಕೂತಿದ್ದರು. “ತಿಂಡಿ ಆಯ್ತೇನವ್ವಾ? ಏನ್ ತಿಂದೆ? ಬರೀ ಬ್ರೆಡ್ಡಾ? ಅದೂ ಒಂದ್ ತಿಂಡಿನಾ? ನಿಮ್ಮಪ್ಪ ಏನ್ ಮಾಡ್ತಾರೆ? ಎಷ್ಟ್ ಜನ ಅಕ್ಕತಂಗೀರು?” ಅಲ್ಲಿಂದ ಬಿಡಿಸಿಕೊಂಡರೆ ಉಷಾರಾಣಿಯ ಮನೆ. ಅವಳಿಗೆ ಆ ಜಡೆ ಹೆಣೆಯಲು ಎಷ್ಟು ಹೊತ್ತು ಬೇಕು, ತಲೆಗೆ ಸ್ನಾನ ಹೇಗೆ, ಇವಿಷ್ಟು ಅರ್ಜೆಂಟಾಗಿ ಗೊತ್ತಾಗಬೇಕಿತ್ತು. ಅದರಾಚೆ ಐಸ್‌ಕ್ರೀಂ ಗಾಡಿಯವನು. ನಿಮ್ಮ ದೇಶದಲ್ಲಿ ಎಲ್ಲರೂ ಓಟದಲ್ಲಿ ಗೆಲ್ಲುತ್ತಾರಂತೆ, ನೀವ್ಯಾಕೆ ಮೆಲ್ಲಗೆ ನಡೀತೀರ ಎಂದು ಅವನ ಪ್ರಶ್ನೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವೇದವಲ್ಲಿಯ ಪಕ್ಕಕ್ಕೆ ಅನಂತಸ್ವಾಮಿ ಬಂದು ಕೈಗಡಿಯಾರ ನೋಡಿಕೊಂಡರು.

“ಬಸ್ ಹೋಯ್ತು.”

ಸ್ವಲ್ಪ ಹೊತ್ತಿಗೆ ಹಿರುತ್ ಮರಳಿ ಬಂದಳು. ಮುಖ ಬೆವೆತಿತ್ತು, ಕೈಯಲ್ಲಿ ರುದ್ರಮ್ಮ ಕೊಟ್ಟ ರೊಟ್ಟಿಯ ಸುರುಳಿ ಇತ್ತು. “ಬಸ್ ತಪ್ಪಿತು,” ಎಂದಳು, ದೂರುವಂತೆ ಅಲ್ಲ.

“ಇನ್ನೊಂದು ಬರೋವರೆಗೆ ಕಾಫಿ ಕುಡಿಯೋಣ. ಬೀಜ ನಿನ್ನದೇ ಹುರಿ.”

ಅವಳು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬಾಣಲಿಯಲ್ಲಿ ಬೀಜ ಹುರಿದಳು. ಹೊಗೆ ಎದ್ದಾಗ ಬಾಣಲಿಯನ್ನು ವೇದವಲ್ಲಿಯ ಮುಖದ ಹತ್ತಿರ ತಂದು ಹಿಡಿದಳು. ಅತ್ಸೆದೆಯೂ ಹಾಗೇ ಹಿಡಿಯುತ್ತಿದ್ದಳು, ಮೊದಲು ಅತಿಥಿ ವಾಸನೆ ತೆಗೆದುಕೊಳ್ಳಲಿ ಎಂದು. ಮೊದಲ ಲೋಟ ಮುಗಿಯುವಾಗ ಹಿರುತ್ ತಾನೇ ಬಾಯಿಬಿಟ್ಟಳು.

“ನಾನೂ ಒಂದು ಕೇಳಲಾ, ಎಮಾಮಾ?” ಅವಳು ಮೇಡಂ ಎನ್ನದೆ ತನ್ನೂರಿನ ಹಿರಿಯ ಹೆಂಗಸರನ್ನು ಕರೆಯುವಂತೆ ಕರೆದದ್ದು ಅದೇ ಮೊದಲು. “ಬಂದ ದಿನದಿಂದ ಕೇಳಬೇಕು ಅಂತಿದ್ದೆ. ಈ ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಈರುಳ್ಳಿ ಕೂಡ ಇಲ್ಲ. ದಿನಾ ಉಪವಾಸ. ನೀವು ಏನು ಪಾಪ ಮಾಡಿದ್ರಿ?”

ವೇದವಲ್ಲಿ ಲೋಟ ಕೆಳಗಿಟ್ಟು ನಗತೊಡಗಿದರು. ಭುಜ ಅಲುಗುವಂತೆ, ದನಿಯೇ ಹೊರಡದಂತೆ ನಕ್ಕರು. ಹಜಾರದಿಂದ ಅನಂತಸ್ವಾಮಿ, “ಏನದು? ಅತ್ಸೆದೆ ಬಂದಳಾ?” ಎಂದು ಕೂಗಿದರು.

“ಅತ್ಸೆದೆ ಯಾರು?” ಎಂದಳು ಹಿರುತ್.

ಆ ಒಂದು ಪ್ರಶ್ನೆಯನ್ನು ಬೇಲೂರಿನಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ವೇದವಲ್ಲಿ ಗೇಟಿನಿಂದ ಶುರುಮಾಡಿದರು, ಮೋಟು ಸ್ಟೂಲಿನಿಂದ, ಬಿಳಿ ಶಾಲಿನಿಂದ. ನೀಲಗಿರಿ ಮರಗಳ ರಸ್ತೆ ಇದೆಯಾ ಎಂದು ನಡುವೆ ಕೇಳಿದರು. ಅರ್ಧ ಇದೆ, ಅರ್ಧ ಕಡಿದರು ಎಂದಳು ಹಿರುತ್. ಅತ್ಸೆದೆ ಅವಳಿಗೆ ಗೊತ್ತಿರಲಿಲ್ಲ. ಬುರೆಯಲ್ಲಿರುವ ತನ್ನ ಚಿಕ್ಕಮ್ಮನಿಗೆ ಲೈನ್ ಸಿಕ್ಕಾಗ ಕೇಳುತ್ತೇನೆ ಎಂದಳು. ಎರಡನೆಯ ಲೋಟ ಮುಗಿಯುವಾಗ ಬೀದಿಯಲ್ಲಿ ಚಪ್ಪಲಿಯ ಸದ್ದಾಯಿತು. ರುದ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ಇಣುಕಿದರು.

“ಅಯ್ಯೋ, ಇನ್ನೂ ಹೋಗಿಲ್ವೇನವ್ವಾ? ಬಸ್ ತಪ್ಪಿಸ್ಕೊಂಡ್ಯಾ? ನನ್ನಿಂದ್ಲೇ ಅಲ್ವಾ? ಆಮೇಲೆ, ಇದೇನಿದು, ಹಾಸನಕ್ಕೆ ಹೊರಟು ಹೋಯ್ತೀಯಂತೆ?”

ವೇದವಲ್ಲಿ ಹುಡುಗಿಯ ಕಡೆ ತಿರುಗಿದರು. ಹಿರುತ್ ಒಮ್ಮೆ ಅವರ ಕಡೆ ನೋಡಿ, ಆಮೇಲೆ ಬಾಗಿಲ ಕಡೆ ತಿರುಗಿ, ಈ ಬೀದಿಯಲ್ಲೇ ಹುಟ್ಟಿ ಬೆಳೆದವಳಂತೆ ಹುಬ್ಬು ಗಂಟಿಕ್ಕಿದಳು.

“ಯಾರ್ ಹೇಳಿದ್ರು ನಿಮಗೆ?”

“ಯಾರೋ ಅಂದ್ರಪ್ಪ,” ಎನ್ನುತ್ತ ರುದ್ರಮ್ಮ ಹೊಸಲಿನ ಮೇಲೆ ಕೂತೇಬಿಟ್ಟರು. “ಅದೇನ್ ವಾಸ್ನೆ? ನಂಗೂ ಒಂದ್ ಲೋಟ ಹಾಕು. ಸಕ್ಕರೆ ಹಾಕ್ತೀರೋ ಬೆಲ್ಲಾನೋ ನಿಮ್ ಕಡೆ?”

ಎರಡನೆಯ ಬಸ್ಸಿನ ಹಾರನ್ ನಿಲ್ದಾಣದ ಕಡೆಯಿಂದ ಕೇಳಿಸಿತು. ಬುರೆಯ ಕಡೆ ಕಾಫಿಗೆ ಕೂತರೆ ಮೂರನೆಯ ಲೋಟ ಕುಡಿಯದೆ ಯಾರೂ ಏಳುವಂತಿಲ್ಲ. ವೇದವಲ್ಲಿ ಇನ್ನೊಂದು ಲೋಟ ತೆಗೆದು ತೊಳೆದಿಟ್ಟರು.